ದಾವಣಗೆರೆ–ಹರಿಹರ ಸೈಕಲ್ ಮಾರ್ಗ: ಮುಖ್ಯಾಂಶಗಳು (ಬೆಲ್ಜಿಯಂ ಹೋಲಿಕೆ ಸಹಿತ)

ಮಾರ್ಗ ಪರಿಚಯ

• ಅಂತರ: ಸುಮಾರು 14 ಕಿ.ಮೀ.; ಹೋಗಿ ಬರಲು 28 ಕಿ.ಮೀ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಒಂದು ಬದಿಗೆ 56 ನಿಮಿಷ.
• ರಸ್ತೆ: ಹಳೆಯ ಪಿ.ಬಿ. ರಸ್ತೆ. ವಿಸ್ತೃತ ರೂಪ: ಪೂನಾ–ಬೆಂಗಳೂರು ರಸ್ತೆ. ಈಗಿನ ಹೆದ್ದಾರಿ: ರಾಷ್ಟ್ರೀಯ ಹೆದ್ದಾರಿ 48 (ಹಳೆಯ ಸಂಖ್ಯೆ 4).
• ದಿಕ್ಕು: ದಾವಣಗೆರೆಯಿಂದ ಪಶ್ಚಿಮಕ್ಕೆ. ನದಿಯ ಕಡೆಗೆ ನಿಧಾನ ಇಳಿಜಾರು, ಮರಳುವಾಗ ನಿಧಾನ ಏರು.
• ಗಾಳಿ: ಜೂನ್–ಆಗಸ್ಟ್ ನೈಋತ್ಯ ಮಾನ್ಸೂನ್ ಎದುರುಗಾಳಿ. ಅನುಕೂಲ ಕಾಲ: ನವೆಂಬರ್–ಫೆಬ್ರವರಿ, ಬೆಳಗಿನ ಜಾವ.
• ವಾಹನ ನೋಂದಣಿ ಸಂಕೇತ: ಕೆಎ–17. ಪಿನ್ ಕೋಡ್: ದಾವಣಗೆರೆ 577001, ಹರಿಹರ 577601.
• ದಾರಿಯ ಸ್ಥಳಗಳು ಕ್ರಮವಾಗಿ: ಕುಂದುವಾಡ ಕೆರೆ, ಬಾತಿ ಕೆರೆ, ದೊಡ್ಡಬಾತಿ, ಹರಿಹರ. ವಾಪಸಾತಿಗೆ ಪರ್ಯಾಯ: ಕೊಂಡಜ್ಜಿ.

ಆರಂಭ ಸ್ಥಳ: ದಾವಣಗೆರೆ

• ಜಿಲ್ಲೆಯ ಉದಯ: 15 ಆಗಸ್ಟ್ 1997. ಮುಖ್ಯಮಂತ್ರಿ: ಜೆ.ಎಚ್. ಪಟೇಲ್ (ಸ್ವಂತ ಊರು: ಕಾರಿಗನೂರು, ಚನ್ನಗಿರಿ ತಾಲ್ಲೂಕು).
• ಮೂಲ ಜಿಲ್ಲೆಗಳು: ಚಿತ್ರದುರ್ಗ (ದಾವಣಗೆರೆ, ಹರಿಹರ, ಜಗಳೂರು), ಶಿವಮೊಗ್ಗ (ಹೊನ್ನಾಳಿ, ಚನ್ನಗಿರಿ), ಬಳ್ಳಾರಿ (ಹರಪನಹಳ್ಳಿ). ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿ.
• ಜನಸಂಖ್ಯೆ (2011): ನಗರ ಸುಮಾರು 4.35 ಲಕ್ಷ, ಹರಿಹರ ಪಟ್ಟಣ ಸುಮಾರು 83 ಸಾವಿರ.
• ಮಹಾನಗರ ಪಾಲಿಕೆ: 2007. ದಾವಣಗೆರೆ ವಿಶ್ವವಿದ್ಯಾನಿಲಯ: 2009, ಆವರಣ ಶಿವಗಂಗೋತ್ರಿ, ತೋಳಹುಣಸೆ.
• ಸ್ಮಾರ್ಟ್ ಸಿಟಿ: ಜನವರಿ 2016ರ ಮೊದಲ 20 ನಗರಗಳ ಪಟ್ಟಿ. ಅದರಲ್ಲಿ ಕರ್ನಾಟಕದ ಎರಡೇ ಹೆಸರು: ಬೆಳಗಾವಿ, ದಾವಣಗೆರೆ.
• ಬಿರುದು: ಕರ್ನಾಟಕದ ಮ್ಯಾಂಚೆಸ್ಟರ್ (ಹತ್ತಿ ಗಿರಣಿಗಳು).
• ಹೈದರ್ ಅಲಿಯಿಂದ ಮರಾಠ ಸರದಾರ ಅಪ್ಪಾಜಿ ರಾಮನಿಗೆ ಜಹಗೀರು; ವರ್ತಕರ ನೆಲೆಯೂರಿಕೆಗೆ ಆತನ ಪ್ರೋತ್ಸಾಹ.
• ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ: 61ನೆಯದು, 1992, ಅಧ್ಯಕ್ಷರು ಜಿ.ಎಸ್. ಶಿವರುದ್ರಪ್ಪ.

ಮೊದಲ ನಿಲುಗಡೆ: ಬೆಣ್ಣೆ ದೋಸೆ

ಬೆಲ್ಜಿಯಂ ಸವಾರರಿಗೆ ಬ್ರೂವರಿ, ಇಲ್ಲಿಯ ಸವಾರರಿಗೆ ದೋಸೆ ಹೋಟೆಲ್. ಎರಡರ ಮೂಲವೂ ಹುದುಗು. ಈ ವಿಭಾಗದ ಇಸವಿಗಳು ಪರೀಕ್ಷೆಯಲ್ಲಿ ಪ್ರಶ್ನೆಯಾಗುವ ಸಾಧ್ಯತೆ ಹೆಚ್ಚು.

• 1928: ಬೆಳಗಾವಿ ಜಿಲ್ಲೆಯ ಬಿಡ್ಕಿಯಿಂದ ಮಕ್ಕಳೊಂದಿಗೆ ಚೆನ್ನಮ್ಮ ಎಂಬುವರ ವಲಸೆ. ವಸಂತ ಟಾಕೀಸ್ ಬಳಿ, ಸವಳಗಿ ನಾಟಕ ಥಿಯೇಟರ್ ಎದುರು ದೋಸೆ ವ್ಯಾಪಾರ. ಆರಂಭದ ಹಿಟ್ಟು: ರಾಗಿ. ಅಕ್ಕಿಯ ದೋಸೆ ಆಮೇಲಿನದು.
• 1938: ಅಕ್ಕಿ, ಉದ್ದು, ಮಂಡಕ್ಕಿ ಕೂಡಿದ ಹಿಟ್ಟಿಗೆ ಬದಲಾವಣೆ, ಮಕ್ಕಳ ಕಾಲದ ಬೆಳವಣಿಗೆ.
• 1944: ಮಗ ಶಾಂತಪ್ಪನವರ ಹೋಟೆಲ್, ಗುಂಡಿ ಚೌಲ್ಟ್ರಿ ಪರಿಸರ. ಊರಿನ ಬಾಯಲ್ಲಿ ಶಾಂತಪ್ಪ ಗುಂಡಿ ಹೋಟೆಲ್.
• ಮೊದಲ ಗಿರಾಕಿಗಳು: ನಾಟಕ ನೋಡಲು ಬಂದವರು. ಕಂಪನಿ ನಾಟಕದ ಕ್ಯಾಂಪ್ ಪದ್ಧತಿ ಮತ್ತು ತಿಂಡಿ ವ್ಯಾಪಾರ ಒಟ್ಟಿಗೆ ಬೆಳೆದ ಉದಾಹರಣೆ.
• ಪ್ರಕಾರಗಳು: ಬೆಣ್ಣೆ ದೋಸೆ, ಬೆಣ್ಣೆ ಓಪನ್ ದೋಸೆ, ಬೆಣ್ಣೆ ಖಾಲಿ ದೋಸೆ.
• ಜೊತೆ: ಕಾಯಿ ಚಟ್ನಿ, ಅರಿಶಿನವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ. ಸಾಂಬಾರ್ ಸಾಂಪ್ರದಾಯಿಕ ಪಟ್ಟಿಯಲ್ಲಿ ಇಲ್ಲ.
• ಕಾಯಿಸುವ ಕ್ರಮ: ಸೌದೆ ಒಲೆ, ದಪ್ಪ ಕಬ್ಬಿಣದ ಹಂಚು, ತಟ್ಟೆಗಿಂತ ಚಿಕ್ಕ ದೋಸೆ. ಹೊಯ್ದ ಕೂಡಲೇ ಮೇಲ್ಮೈ ತುಂಬ ಸಣ್ಣ ಕಣ್ಣುಗಳು. ಮೇಲಿಟ್ಟ ಬೆಣ್ಣೆ ಕರಗಿ ಕಣ್ಣುಗಳೊಳಕ್ಕೆ ಇಳಿಕೆ. ಅಂಚು ಗರಿಗರಿ, ನಡು ಮೆತ್ತಗೆ. ಕಣ್ಣು ಬಿಡದ ದೋಸೆ = ಹುದುಗು ಸಾಲದ ಹಿಟ್ಟು.
• ಸೂಕ್ಷ್ಮಜೀವಿ: ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಪ್ರಧಾನ. ಹಿಟ್ಟು ಉಬ್ಬಲು ಕಾರಣ: ಕಾರ್ಬನ್ ಡೈಆಕ್ಸೈಡ್. ಹುಳಿಗೆ ಕಾರಣ: ಲ್ಯಾಕ್ಟಿಕ್ ಆಮ್ಲ.

ಮಂಡಕ್ಕಿ

• ಕಚ್ಚಾವಸ್ತು: ಭತ್ತ. ನೀರಾವರಿ ಮೂಲ: ಭದ್ರಾ ಬಲದಂಡೆ ನಾಲೆ.
• ಉತ್ಪಾದನಾ ಘಟಕದ ಹೆಸರು: ಭಟ್ಟಿ. ನಗರದಲ್ಲಿ ಮಂಡಕ್ಕಿ ಭಟ್ಟಿಗಳದ್ದೇ ಪ್ರತ್ಯೇಕ ಬಡಾವಣೆ.
• ಹಂತಗಳು: ನೆನೆಸುವಿಕೆ, ಬೇಯಿಸುವಿಕೆ, ಒಣಗಿಸುವಿಕೆ, ಹೊಟ್ಟು ಬೇರ್ಪಡಿಸುವಿಕೆ, ಉಪ್ಪುನೀರು, ಕಾದ ಮರಳಿನಲ್ಲಿ ಹುರಿತ. ಮರಳಿಗೆ ಬಿದ್ದ ಅಕ್ಕಿ ಅರಳಲು ಬೇಕಾದ ಕಾಲ: ಕೆಲವೇ ಸೆಕೆಂಡು.
• ತಿನಿಸು ರೂಪ: ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಜೊತೆಗೆ ಮಿರ್ಚಿ.
• ಭಟ್ಟಿಯ ಹೊಗೆ ಮತ್ತು ಝಳದ ಮುಂದೆ ದಿನವಿಡೀ ನಿಲ್ಲುವ ಕಾರ್ಮಿಕರ ಆರೋಗ್ಯ: ಸಾಮಾನ್ಯ ಅಧ್ಯಯನ ಪತ್ರಿಕೆಯ ‘ಅಸಂಘಟಿತ ವಲಯ’ ಘಟಕಕ್ಕೆ ಉದಾಹರಣೆಯಾಗಿ ಬರೆಯಲೇಬೇಕಾದ ಅಂಶ.

ದಾರಿಯ ನೀರು

• ಕುಂದುವಾಡ ಕೆರೆ: ದಾವಣಗೆರೆಯ ಕುಡಿಯುವ ನೀರಿನ ಆಕರಗಳಲ್ಲಿ ಒಂದು, ನೀರು ಭದ್ರಾ ನಾಲೆಯಿಂದ. ಸಮೀಪ: ಗಾಜಿನ ಮನೆ.
• ಬಾತಿ ಗುಡ್ಡ: ಚಮನ್ ಷಾ ವಲಿ ದರ್ಗಾ.
• ರಾಜನಹಳ್ಳಿ: ತುಂಗಭದ್ರೆಯಿಂದ ದಾವಣಗೆರೆಗೆ ನೀರೆತ್ತುವ ಸ್ಥಳ, ವಾಲ್ಮೀಕಿ ಗುರುಪೀಠ.
• ಕೊಂಡಜ್ಜಿ: ಕೆರೆ, ಅರಣ್ಯ, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಶಿಬಿರ.
• ಹರಿದ್ರಾ ನದಿ: ಉಗಮ ಸೂಳೆಕೆರೆ (ಶಾಂತಿಸಾಗರ), ಚನ್ನಗಿರಿ ತಾಲ್ಲೂಕು, ಸಂಗಮ ಹರಿಹರದಲ್ಲಿ ತುಂಗಭದ್ರೆಯೊಂದಿಗೆ.

ಗಮ್ಯ: ಹರಿಹರ

• ಪ್ರಾಚೀನ ಹೆಸರುಗಳು: ಕೂಡಲೂರು (ಸಂಗಮದಿಂದ), ಗುಹಾರಣ್ಯ (ಗುಹಾಸುರನ ಕಥೆಯಿಂದ).
• 694: ಬಾದಾಮಿ ಚಾಲುಕ್ಯ ವಿನಯಾದಿತ್ಯನ ಹರಿಹರ ತಾಮ್ರಪಟ.
• 1223–24: ಹರಿಹರೇಶ್ವರ ದೇವಾಲಯ. ನಿರ್ಮಾತೃ: ಪೋಲಾಳ್ವ, ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ–ದಂಡನಾಯಕ.
• 1268: ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಿಂದ ವಿಸ್ತರಣೆ. ಸೋಮನಾಥಪುರದ ಸ್ಥಾಪಕನೂ ಈತನೇ.
• ಮೂರ್ತಿ ಲಕ್ಷಣ: ಬಲ ಅರ್ಧ ಹರ, ಎಡ ಅರ್ಧ ಹರಿ, ಒಂದೇ ದೇಹ, ನಿಂತ ಭಂಗಿ.
• ಮಂಟಪದ ಕಂಬಗಳು: ಕಡೆದ ಮಾದರಿ. ಹತ್ತಿರ ನಿಂತು ನೋಡಿದರೆ ಕಂಬದ ಸುತ್ತ ಒಂದರ ಕೆಳಗೊಂದು ಸಮಾಂತರ ಬಳೆಗಳಂಥ ಗೆರೆಗಳು. ತಿರುಗುವ ಕಲ್ಲಿಗೆ ಉಳಿ ಹಿಡಿದಂತೆ ತೋರುವ ನಯ. ಏಳು ಶತಮಾನ ಕಳೆದು ಇದೇ ಊರಲ್ಲಿ ಲೇತ್ ಕಾರ್ಖಾನೆ.
• 1763: ಹೈದರ್ ಅಲಿ ವಶ.
• 1865ರವರೆಗೆ: ದೇಶೀಯ ರೆಜಿಮೆಂಟಿನ ಕಂಟೋನ್ಮೆಂಟ್, ಊರಿನಿಂದ 2 ಮೈಲಿ ವಾಯವ್ಯಕ್ಕೆ.
• 1868: ತುಂಗಭದ್ರಾ ಹಳೆಯ ಸೇತುವೆ ಪೂರ್ಣ. ಕಲ್ಲು ಮತ್ತು ಇಟ್ಟಿಗೆ. 14 ದೀರ್ಘವೃತ್ತಾಕಾರದ ಕಮಾನು. ಪ್ರತಿ ಕಮಾನು 60 ಅಡಿ. ವೆಚ್ಚ ಸುಮಾರು 3.5 ಲಕ್ಷ ರೂಪಾಯಿ. ಉದ್ದೇಶ: ಬೆಂಗಳೂರು–ಧಾರವಾಡ ಹೆದ್ದಾರಿ.
• ಏಕೀಕರಣ ಪೂರ್ವ ಸ್ಥಾನ: ಮೈಸೂರು ಸಂಸ್ಥಾನದ ಗಡಿ ಪಟ್ಟಣ. ಹೊಳೆಯ ಆಚೆ ದಡ: ಬೊಂಬಾಯಿ ಪ್ರಾಂತ್ಯ.
• ತುಂಗಭದ್ರಾ: ಉಗಮ ಕೂಡಲಿ (ಶಿವಮೊಗ್ಗ ಜಿಲ್ಲೆ), ಉದ್ದ 531 ಕಿ.ಮೀ.; ಕೃಷ್ಣೆಯ ಉಪನದಿ.

ಸೈಕಲ್ ಅಂಗಡಿಯಿಂದ ಲೇತ್ ಯಂತ್ರಕ್ಕೆ

ಸೈಕಲ್ಲಿಗೂ ಹರಿಹರಕ್ಕೂ ಇರುವ ನಂಟಿನಲ್ಲಿ ಇದೇ ಮುಖ್ಯ. ಗೈಡ್‌ಗಳು ಇದನ್ನು ಎರಡು ಪ್ರತ್ಯೇಕ ಅಧ್ಯಾಯದಲ್ಲಿ ಕೊಡುವುದರಿಂದ ಕೊಂಡಿ ತಪ್ಪುತ್ತದೆ. ಒಂದೇ ಸಾಲಿನಲ್ಲಿ ನೆನಪಿಡತಕ್ಕದ್ದು.

• ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್: ಜನನ 20 ಜೂನ್ 1869, ಗುರ್ಲಹೊಸೂರು, ಬೆಳಗಾವಿ ಜಿಲ್ಲೆ, ನಿಧನ 1956. ಮೊದಲ ಉದ್ಯೋಗ: ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್ಸ್ಟಿಟ್ಯೂಟಿನಲ್ಲಿ ಶಿಕ್ಷಕ.
• 1888: ಬೆಳಗಾವಿಯ ಸೈಕಲ್ ಅಂಗಡಿ, ಕಿರ್ಲೋಸ್ಕರ್ ಸಮೂಹದ ಸ್ಥಾಪನಾ ವರ್ಷ. ಮಾರಾಟ, ದುರಸ್ತಿ, ಸವಾರಿ ಕಲಿಸುವಿಕೆ ಮೂರೂ ಒಂದೇ ಕಡೆ. ಅಂಗಡಿಯ ರಸ್ತೆಗೆ ಇಂದಿಗೂ ಕಿರ್ಲೋಸ್ಕರ್ ರಸ್ತೆ ಎಂದೇ ಹೆಸರು.
• ಅದೇ 1888: ಜಾನ್ ಬಾಯ್ಡ್ ಡನ್ಲಪ್ ಅವರ ಗಾಳಿ ತುಂಬಿದ ಟೈರಿನ ಪೇಟೆಂಟ್. ಇಸವಿ ಒಂದೇ ಆದ್ದರಿಂದ ಜೋಡಿಸಿ ಬರೆಯುವ ಪ್ರಶ್ನೆಗೆ ಅನುಕೂಲ.
• 1903: ಕಬ್ಬಿಣದ ನೇಗಿಲು. 1910: ಕಿರ್ಲೋಸ್ಕರ್‌ವಾಡಿ.
• 1941: ಮೈಸೂರು ಕಿರ್ಲೋಸ್ಕರ್, ಹರಿಹರ. ಉತ್ಪನ್ನ: ಲೇತ್ ಮತ್ತಿತರ ಯಂತ್ರೋಪಕರಣ. ಬೆಂಗಳೂರಿನ ಎಚ್‌ಎಂಟಿಗಿಂತ (1953) 12 ವರ್ಷ ಮೊದಲು. ಕಾರ್ಖಾನೆ ಈಗ ಸ್ಥಗಿತ.
• 1969: ಲಕ್ಷ್ಮಣರಾವ್ ಜನ್ಮಶತಮಾನೋತ್ಸವದ ಅಂಚೆ ಚೀಟಿ.
• ಗಮನಿಸಿ: ಚೆನ್ನಮ್ಮ 1928, ಕಿರ್ಲೋಸ್ಕರ್ 1941. ದಾವಣಗೆರೆಯ ದೋಸೆ, ಹರಿಹರದ ಲೇತ್ ಎರಡರ ಮೂಲವೂ ಬೆಳಗಾವಿ ಜಿಲ್ಲೆ.

ಹೊಳೆಯಾಚೆ: ಕುಮಾರಪಟ್ಟಣ

• ಹರಿಹರ ಪಾಲಿಫೈಬರ್ಸ್: ಆರಂಭ 1972. ಸಮೂಹ: ಗ್ರಾಸಿಂ (ಆದಿತ್ಯ ಬಿರ್ಲಾ). ಕಚ್ಚಾವಸ್ತು: ನೀಲಗಿರಿ ಮರ. ಉತ್ಪನ್ನ: ರೇಯಾನ್ ದರ್ಜೆಯ ಪಲ್ಪ್.
• 1984: ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್, ಸರ್ಕಾರ–ಕಾರ್ಖಾನೆ ಜಂಟಿ ಸಂಸ್ಥೆ. ಗುತ್ತಿಗೆಗೆ ಗುರುತಿಸಿದ ಸಮುದಾಯ ಭೂಮಿ: ಸುಮಾರು 30,000 ಹೆಕ್ಟೇರ್.
• ವಿರೋಧ: ಸಮಾಜ ಪರಿವರ್ತನ ಸಮುದಾಯ (ಎಸ್.ಆರ್. ಹಿರೇಮಠ). ಸುಪ್ರೀಂ ಕೋರ್ಟ್ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು.
• 14 ನವೆಂಬರ್ 1987: ಕುಸನೂರು, ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ. ಕ್ರಮ: ನೀಲಗಿರಿ ಸಸಿ ಕೀಳುವಿಕೆ, ಜನೋಪಯೋಗಿ ಸಸಿ ನೆಡುವಿಕೆ. 1991: ಜಂಟಿ ಸಂಸ್ಥೆ ಮುಕ್ತಾಯ.
• ಜೊತೆಯ ಹೋರಾಟ: ತುಂಗಭದ್ರಾ ಜಲಮಾಲಿನ್ಯ. ಕರ್ನಾಟಕದ ಪರಿಸರ ಚಳವಳಿ ಎಂದರೆ ಅಪ್ಪಿಕೊ (1983) ಒಂದನ್ನೇ ಬರೆಯುವ ಉತ್ತರ ಅಪೂರ್ಣ.

ಹೋಲಿಕೆ: ಬೆಲ್ಜಿಯಂ

• ವಿಸ್ತೀರ್ಣ: ಸುಮಾರು 30,700 ಚ.ಕಿ.ಮೀ.; ಕರ್ನಾಟಕದ (1,91,791 ಚ.ಕಿ.ಮೀ.) ಆರನೇ ಒಂದು ಭಾಗ. ರಾಜಧಾನಿ: ಬ್ರಸೆಲ್ಸ್. ಅಧಿಕೃತ ಭಾಷೆಗಳು 3: ಡಚ್, ಫ್ರೆಂಚ್, ಜರ್ಮನ್.
• 2016: ಬೆಲ್ಜಿಯಂ ಬಿಯರ್ ಸಂಸ್ಕೃತಿ ಯುನೆಸ್ಕೊ ಅಮೂರ್ತ ಪರಂಪರೆ ಪಟ್ಟಿಗೆ.
• ಟ್ರಾಪಿಸ್ಟ್ ಮಠಗಳ ಬ್ರೂವರಿಗಳು: ವೆಸ್ಟ್‌ಮಾಲೆ, ವೆಸ್ಟ್‌ವ್ಲೇಟೆರೆನ್, ಶಿಮೇ, ಓರ್ವಾಲ್, ರೋಶ್‌ಫೋರ್.
• ಲ್ಯಾಂಬಿಕ್: ಬ್ರಸೆಲ್ಸ್ ಸುತ್ತಲಿನ ಬಿಯರ್. ಯೀಸ್ಟ್ ಬೆರೆಸದೆ, ತೆರೆದ ಅಗಲ ಪಾತ್ರೆಯಲ್ಲಿ ರಾತ್ರಿಯ ಗಾಳಿಗೆ ಒಡ್ಡಿ ಹುದುಗು. ದೋಸೆ ಹಿಟ್ಟಿನೊಂದಿಗೆ ನೇರ ಸಾಮ್ಯ: ಎರಡರಲ್ಲೂ ಹೊರಗಿನಿಂದ ಹೆಪ್ಪು ಹಾಕುವ ಕ್ರಮ ಇಲ್ಲ. ವ್ಯತ್ಯಾಸ: ದೋಸೆಗೆ ಒಂದು ರಾತ್ರಿ, ಲ್ಯಾಂಬಿಕ್‌ಗೆ ಒಂದರಿಂದ ಮೂರು ವರ್ಷ.
• 1913: ಟೂರ್ ಆಫ್ ಫ್ಲಾಂಡರ್ಸ್ ಮೊದಲ ಸ್ಪರ್ಧೆ. 1892: ಲಿಯೆಜ್–ಬಾಸ್ತೋನ್–ಲಿಯೆಜ್.
• ಎಡ್ಡಿ ಮರ್ಕ್ಸ್: ಜನನ 17 ಜೂನ್ 1945, ಟೂರ್ ಡಿ ಫ್ರಾನ್ಸ್ 5 ಬಾರಿ (1969–72, 1974), ಒಂದು ಗಂಟೆಯ ದಾಖಲೆ 49.431 ಕಿ.ಮೀ., ಮೆಕ್ಸಿಕೊ ಸಿಟಿ, 1972.
• 1995: ಸಂಖ್ಯಾ ಬಿಂದುಗಳ ಸೈಕಲ್ ಜಾಲ, ಲಿಂಬರ್ಗ್ ಪ್ರಾಂತ್ಯ. ರೂವಾರಿ: ಗಣಿ ಎಂಜಿನಿಯರ್ ಹ್ಯೂಗೊ ಬೊಲ್ಲೆನ್. ಪ್ರತಿ ಕೂಡುದಾರಿಗೆ ಒಂದು ಸಂಖ್ಯೆ. ಸವಾರನಿಗೆ ನಕ್ಷೆ ಬೇಡ, ನಾಲ್ಕೈದು ಅಂಕಿ ಸಾಕು. ಭದ್ರಾ ನಾಲೆಯ ಏರಿ ರಸ್ತೆಗಳಿಗೆ ಇದಕ್ಕಿಂತ ಒಪ್ಪುವ, ಇದಕ್ಕಿಂತ ಅಗ್ಗದ ಯೋಜನೆ ಇಲ್ಲ.
• ರಕ್ತದ ಮದ್ಯ ಮಿತಿ: ಬೆಲ್ಜಿಯಂನಲ್ಲಿ ಲೀಟರಿಗೆ 0.5 ಗ್ರಾಂ, ಸೈಕಲ್ ಸವಾರರಿಗೂ ಅನ್ವಯ. ಭಾರತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ, ಮೋಟಾರು ವಾಹನ ಕಾಯ್ದೆ 1988, ಕಲಂ 185, ಮೋಟಾರು ವಾಹನಗಳಿಗೆ ಮಾತ್ರ.

ಕರ್ನಾಟಕ: ಸೈಕಲ್ ಮತ್ತು ಬ್ರೂವರಿ, ಕಿರು ಅಂಶಗಳು

• 2006–07: 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ.
• 2017: ಟ್ರಿಣ್ ಟ್ರಿಣ್, ಮೈಸೂರು, ಸಾರ್ವಜನಿಕ ಸೈಕಲ್ ಹಂಚಿಕೆ.
• ವಿಶ್ವ ಸೈಕಲ್ ದಿನ: ಜೂನ್ 3 (ವಿಶ್ವಸಂಸ್ಥೆ ನಿರ್ಣಯ 2018).
• 1915: ಯುನೈಟೆಡ್ ಬ್ರೂವರೀಸ್. 1 ಜುಲೈ 2007: ರಾಜ್ಯದಲ್ಲಿ ಸಾರಾಯಿ ನಿಷೇಧ. ಸಂಬಂಧಿತ ವಿಧಿ: ಸಂವಿಧಾನದ 47.

ಗೊಂದಲಕ್ಕೆ ಎಡೆ ಕೊಡುವ ಅಂಶಗಳು

• ಹರಿಹರ ಪಾಲಿಫೈಬರ್ಸ್ ಹರಿಹರ ತಾಲ್ಲೂಕಿನಲ್ಲಿ ಇಲ್ಲ: ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ.
• ಕೂಡಲಿ: ತುಂಗಾ ಮತ್ತು ಭದ್ರಾ. ಕೂಡಲೂರು (ಹರಿಹರ): ತುಂಗಭದ್ರಾ ಮತ್ತು ಹರಿದ್ರಾ.
• ಹರಿಹರ ಕವಿ, ವಿಜಯನಗರದ ಒಂದನೇ ಹರಿಹರ, ಹರಿಹರ ಪಟ್ಟಣ: ಮೂರೂ ಬೇರೆ.
• ಪೋಲಾಳ್ವ: ಇಮ್ಮಡಿ ನರಸಿಂಹ. ಸೋಮ: ಮುಮ್ಮಡಿ ನರಸಿಂಹ.
• ಸಂತೆಬೆನ್ನೂರು ಪುಷ್ಕರಣಿ: ಕೆಂಗ ಹನುಮಂತಪ್ಪ ನಾಯಕ, ಪಕ್ಕದ ಮುಸಾಫಿರ್‌ಖಾನೆ: ರಣದುಲ್ಲಾ ಖಾನ್.
• 1868 ಸೇತುವೆ, 1888 ಸೈಕಲ್ ಅಂಗಡಿ, 1928 ದೋಸೆ: ಕೊನೆಯ ಅಂಕಿ ಮೂರಕ್ಕೂ 8.