ಬಸುರಿ ಮಗಳು ಕ್ರಿಸ್ಮಸ್ಸಿಗೆ ಊರಿಗೆ ಬರುವಾಗ

ಡಿಸೆಂಬರಿನ ಮೂರನೇ ವಾರ ಬಂತೆಂದರೆ ಉಡುಪಿ ಜಿಲ್ಲೆಯ ಮನೆಗಳಲ್ಲಿ ಬೀಗ ತೆಗೆಯುವ ಸದ್ದು. ಗಲ್ಫಿನವರು, ಲಂಡನ್ನಿನವರು, ಲಿಸ್ಬನ್ನಿನವರು, ಮುಂಬೈಯವರು, ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಅವರಲ್ಲಿ ಒಬ್ಬಳಾದರೂ ಬಸುರಿ ಇದ್ದೇ ಇರುತ್ತಾಳೆ. ಪರದೇಶದ ಚಳಿಯಲ್ಲಿ ಒಬ್ಬಳೇ ವಾಂತಿ ಮಾಡಿಕೊಂಡು ಸಾಕಾಗಿ, ಹಬ್ಬಕ್ಕಾದರೂ ಅಮ್ಮನ ಕೈಯ ಗಂಜಿ ಉಣ್ಣೋಣ ಅಂತ ಹೊರಟವಳು. ಈ ಬರಹ ಅವಳಿಗೆ, ಮತ್ತು ಅವಳ ಟಿಕೆಟ್ ಮಾಡಿಸುವ ಗಂಡನಿಗೆ. ಮೊದಲೇ ಹೇಳಿಬಿಡುತ್ತೇನೆ: ಈ ಪ್ರಯಾಣದಲ್ಲಿ ನಿಮ್ಮನ್ನು ದಣಿಸುವುದು ದಾರಿಯೂ ಅಲ್ಲ, ಬಿಸಿಲೂ ಅಲ್ಲ, ನೆಂಟರ ಮನೆಗಳು. ದಿನಕ್ಕೆ ಒಂದು ಕಡೆ, ಅದೂ ಅರ್ಧ ದಿನ ಅಂತ ನಿಯಮ ಮಾಡಿಕೊಂಡು ಬನ್ನಿ. ಉಳಿದದ್ದೆಲ್ಲ ಸುಲಭ.

ತಿಂಗಳ ಲೆಕ್ಕ ಮೊದಲು. ನಾಲ್ಕರಿಂದ ಆರನೇ ತಿಂಗಳು ಪ್ರಯಾಣಕ್ಕೆ ಹಿತ. ವಾಕರಿಕೆ ಇಳಿದಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಹೆಚ್ಚಿನ ವಿಮಾನ ಕಂಪನಿಗಳು 28 ವಾರ ದಾಟಿದ ಮೇಲೆ ವೈದ್ಯರ ಪತ್ರ ಕೇಳುತ್ತವೆ, 36 ವಾರ ದಾಟಿದರೆ ಹತ್ತಿಸುವುದಿಲ್ಲ. ಅವಳಿ ಇದ್ದರೆ ಈ ಗಡಿ ಇನ್ನೂ ಬೇಗ. ಬರುವ ದಿನದ್ದಲ್ಲ, ವಾಪಸು ಹೋಗುವ ದಿನದ ವಾರ ಎಣಿಸಿ, ಎಡವುವುದು ಅಲ್ಲೇ. ಪ್ರವಾಸ ವಿಮೆಯ ಸಣ್ಣ ಅಕ್ಷರಗಳನ್ನೂ ಓದಿ. ಬಹಳಷ್ಟು ವಿಮೆಗಳು ಬಸುರಿಗೆ ಸಂಬಂಧಿಸಿದ ಖರ್ಚನ್ನು ಹೊರಗಿಟ್ಟಿರುತ್ತವೆ.

ಲಿಸ್ಬನ್ನಿನಿಂದ ಭಾರತಕ್ಕೆ ನೇರ ವಿಮಾನವಿಲ್ಲ. ಯುರೋಪಿನವರಿಗೆ ದುಬೈ ಅಥವಾ ಅಬುಧಾಬಿಯಲ್ಲಿ ಇಳಿದು ಅಲ್ಲಿಂದ ನೇರ ಮಂಗಳೂರಿಗೆ ಬರುವುದು ಬೆಂಗಳೂರು ಸುತ್ತುವುದಕ್ಕಿಂತ ಮೇಲು. ಒಳದಾರಿಯ ಪಕ್ಕದ ಸೀಟು ಹಿಡಿಯಿರಿ, ಗಂಟೆಗೊಮ್ಮೆ ಎದ್ದು ನಡೆಯಿರಿ. ಕಾಲಿಗೆ ಬಿಗಿ ಕಾಲುಚೀಲ ಹಾಕಬೇಕೇ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಬೆಂಗಳೂರಿಗೇ ಬಂದಿಳಿಯುವವರು ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಇಂದ್ರಾಳಿಯ ಉಡುಪಿ ಸ್ಟೇಷನ್ನಿನಲ್ಲಿ ಇಳಿಯಬಹುದು. ಕೆಳಗಿನ ಬರ್ತ್ ಮಾತ್ರ ಮೊದಲೇ ಕಾಯ್ದಿರಿಸಿ. ಸ್ಲೀಪರ್ ಬಸ್ಸು, ಅದರಲ್ಲೂ ಹಿಂದಿನ ಸೀಟು, ಬೇಡವೇ ಬೇಡ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮಗು ಹುಟ್ಟಿದ ಮೇಲೆ ಅದಕ್ಕೇ ತೋರಿಸಿ.

ವಸತಿ ಉಡುಪಿ ಅಥವಾ ಮಣಿಪಾಲದಲ್ಲಿರಲಿ. ಎರಡರ ನಡುವೆ ಐದಾರು ಕಿಲೋಮೀಟರು ಅಷ್ಟೆ. ಕಾಪು ಹದಿಮೂರರ ಆಸುಪಾಸು, ಕಾರ್ಕಳ ಹೆಚ್ಚುಕಡಿಮೆ ಮೂವತ್ತೇಳು. ತವರುಮನೆ ಒಳನಾಡಿನ ಹಳ್ಳಿಯಲ್ಲಿದ್ದರೆ ಇರಲಿ, ಆದರೆ ರಾತ್ರಿ ಓಡಿಸಲು ಯಾರಿದ್ದಾರೆ, ಕಾರು ಎಲ್ಲಿದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಬೇಕು. ಆಂಬುಲೆನ್ಸಿನ ನಂಬರ್ 108.

ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಹಬ್ಬಕ್ಕೆ ಮುಂಚೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಕಾರ್ಡು ಮಾಡಿಸಿಕೊಳ್ಳಿ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಟ್ಟಿದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅದು. ನವಜಾತ ಶಿಶುವಿನ ತೀವ್ರ ನಿಗಾ ಘಟಕದ ತನಕ ಎಲ್ಲವೂ ಒಂದೇ ಆವರಣದಲ್ಲಿದೆ. ಬೆಳಿಗ್ಗೆ ಬೇಗ ಹೋದಷ್ಟೂ ಕಾಯುವುದು ಕಡಿಮೆ. ರಜೆಯ ದಿನ ಹೊರರೋಗಿ ವಿಭಾಗವಿಲ್ಲದೆ ತುರ್ತು ವಿಭಾಗವೊಂದೇ ಇರುವುದರಿಂದ, ಅಲ್ಲಿ ಹೆಸರು ಮೊದಲೇ ದಾಖಲಾಗಿದ್ದರೆ ಒಳ್ಳೆಯದು. ರಕ್ತದ ಗುಂಪು, ಸ್ಕ್ಯಾನ್ ವರದಿ, ಔಷಧಿಗಳ ಪಟ್ಟಿ ಇಂಗ್ಲಿಷಿನಲ್ಲಿರಲಿ. ಪೋರ್ಚುಗೀಸಿನಲ್ಲೋ ಜರ್ಮನಿನಲ್ಲೋ ಬರೆದ ವರದಿ ಹಿಡಿದು ಬಂದರೆ ಡಾಕ್ಟರಿಗೂ ಮಂಡೆಬಿಸಿ, ನಿಮಗೂ.

ಇನ್ನೊಂದು ಎಚ್ಚರ. ಯುರೋಪಿನಲ್ಲಿ ಗಂಡೋ ಹೆಣ್ಣೋ ಅಂತ ಐದನೇ ತಿಂಗಳಿಗೇ ಹೇಳಿಬಿಡುತ್ತಾರೆ, ಕೇಕು ಕತ್ತರಿಸುತ್ತಾರೆ. ಇಲ್ಲಿ 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧದ ಕಾನೂನಿದೆ. ಸ್ಕ್ಯಾನಿಗೆ ಗುರುತಿನ ಚೀಟಿ ಬೇಕು, ಅರ್ಜಿ ತುಂಬಬೇಕು. ಲಿಂಗ ಕೇಳುವುದೂ ಅಪರಾಧ, ಹೇಳುವುದೂ ಅಪರಾಧ. ನಿಮಗೆ ಮೊದಲೇ ಗೊತ್ತಿದ್ದರೆ ಸ್ಕ್ಯಾನ್ ಕೋಣೆಯಲ್ಲಿ ಅದರ ಸುದ್ದಿ ಎತ್ತಬೇಡಿ. ಅತ್ತೆಯನ್ನು ಹೊರಗೆ ಕೂರಿಸಿ ಹೋಗುವುದು ಇನ್ನೂ ಕ್ಷೇಮ.

ಹೆರಿಗೆಯ ವಿಷಯದಲ್ಲಿ ಪರದೇಶಿ ಹೆಂಗಸೊಬ್ಬಳ ಋಣ ಉಡುಪಿಯ ಮೇಲಿದೆ. ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಇಲ್ಲಿ ಬಾಸೆಲ್ ಮಿಷನ್ನಿನ ಚಿಕ್ಕ ಚಿಕಿತ್ಸಾಲಯ ತೆರೆದರು. ಅದೇ ಇಂದಿನ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಮನೆಯ ಯಾರಾದರೊಬ್ಬರು ಅಲ್ಲಿ ಹುಟ್ಟಿದವರೇ ಇರುತ್ತಾರೆ. ದೊಡ್ಡ ಆಸ್ಪತ್ರೆಯ ಗದ್ದಲ ಬೇಡವೆನ್ನುವವರು ಈಗಲೂ ಅಲ್ಲಿಗೆ ಹೋಗುತ್ತಾರೆ. ಕಾರ್ಕಳದ ಕಡೆಯವರಿಗೆ ಅಲ್ಲಿನ ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆ ಹತ್ತಿರ.

ಇನ್ನು ಹಬ್ಬ. ಪೋರ್ಚುಗಲ್ಲಿನಲ್ಲಿ ಡಿಸೆಂಬರ್ 24ರ ರಾತ್ರಿ ಬೇಯಿಸಿದ ಉಪ್ಪುಮೀನು, ಬಟಾಟೆ, ಕೋಸು. ಮೇಜಿನ ನಡುವೆ ಒಣಹಣ್ಣು ಅಂಟಿಸಿದ ಉಂಗುರದಾಕಾರದ ಕೇಕು. ಇಲ್ಲಿ ಅದೇ ರಾತ್ರಿ ಸಾನ್ನಾ ಮತ್ತು ಹಂದಿ ಪದಾರ್ಥ. ಗೋವೆಯಿಂದ ಇಳಿದು ಬಂದ ಕೊಂಕಣಿ ಕ್ರೈಸ್ತರ ಮೂಲಕ ಪೋರ್ಚುಗೀಸ್ ಹಬ್ಬ ತೆಂಗಿನಕಾಯಿ, ಅಕ್ಕಿ, ಬೆಲ್ಲಕ್ಕೆ ಒಗ್ಗಿಕೊಂಡ ಬಗೆ ನೋಡಬೇಕಾದರೆ ಹಬ್ಬದ ತಿಂಡಿಗಳ, ಅಂದರೆ ಕುಸ್ವಾರದ, ತಟ್ಟೆ ನೋಡಿ. ಚಿಪ್ಪಿನಂತೆ ಸುರುಳಿ ಸುತ್ತಿದ ಕಿಡಿಯೊ, ಎಳ್ಳು ತೆಂಗಿನಕಾಯಿ ತುಂಬಿದ ನೆವ್ರಿ, ಅಕ್ಕಿಹಿಟ್ಟಿನ ಗುಳಿಯೊ, ತುಕ್ಡಿ, ಚಕ್ಕುಲಿ, ಅಚ್ಚು ಅದ್ದಿ ಕರಿದ ರೋಸ್ ಕುಕ್ಕೀಸ್. ಕಿಡಿಯೊಗೆ ಆಕಾರ ಕೊಡುವುದು ಹೊಸ ಬಾಚಣಿಗೆಯ ಅಥವಾ ಫೋರ್ಕಿನ ಹಲ್ಲಿನ ಮೇಲೆ. ಮೇಜಿನ ಸುತ್ತ ಇಡೀ ಮನೆ ಕೂತು ಮಾಡುವ ಆ ಕೆಲಸದಲ್ಲಿ ಕುರ್ಚಿಯಲ್ಲಿ ಕೂತ ಬಸುರಿಗೂ ಒಂದು ಪಾಲು ಸಿಗುತ್ತದೆ. ಕೇಕಿನ ವಿಷಯ ಮಾತ್ರ ಕೇಳಿಕೊಳ್ಳಿ: ಪ್ಲಮ್ ಕೇಕಿನ ಹಣ್ಣು ತಿಂಗಳಗಟ್ಟಲೆ ರಮ್ಮಿನಲ್ಲಿ ನೆನೆದಿರುತ್ತದೆ. ರಮ್ಮಿಲ್ಲದ್ದನ್ನೂ ಬೇಕರಿಗಳು ಮಾಡುತ್ತವೆ, ಮೊದಲೇ ಹೇಳಬೇಕು.

ಪೂಜೆಗೆ ಯಾವ ಇಗರ್ಜಿ? ಉಡುಪಿ ಪೇಟೆಯ ಶೋಕಮಾತಾ ಇಗರ್ಜಿ ಹತ್ತಿರ. ನನ್ನ ಓಟು ಮಾತ್ರ ಕಲ್ಯಾಣಪುರದ ಮಿಲಾಗ್ರಿಸ್‌ಗೆ. ಸ್ವರ್ಣಾ ನದಿಯ ಬದಿಯ ಹಳೇ ಊರು. ಹದಿನೇಳನೇ ಶತಮಾನಕ್ಕೆ ಸೇರಿದ ಈ ಇಗರ್ಜಿ, 2012ರಲ್ಲಿ ಉಡುಪಿ ಧರ್ಮಪ್ರಾಂತ್ಯವಾದಾಗ ಕೆಥೆಡ್ರಲ್ ಆಯಿತು. ಅಂಗಳ ವಿಶಾಲ, ಗೋದಲಿ ನಿಂತು ನೋಡುವಂಥದ್ದು. ನಡುರಾತ್ರಿಯ ಪೂಜೆ ಅಂತ ಹೆದರಬೇಡಿ, ಈಗ ಹಲವೆಡೆ ಸಂಜೆ ಏಳು-ಎಂಟಕ್ಕೇ ಶುರುವಾಗುತ್ತದೆ. ಅಂಚಿನ ಬೆಂಚು ಹಿಡಿದು ಕೂತರೆ ಎದ್ದು ಹೊರಗೆ ಹೋಗಲು ಸುಲಭ. ಕ್ರೈಸ್ತರಲ್ಲದವರೂ ಹೋಗುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. 27ರಿಂದ ಮುಂದಕ್ಕೆ ಮದುವೆಗಳ ಸಾಲು. ಆ ವಾರ ಮದುವೆ ಮಂಟಪಗಳ ಸುತ್ತ ಟ್ರಾಫಿಕ್ಕೂ ಜಾಸ್ತಿ, ಬಾಡಿಗೆ ಕಾರಿಗೂ ಬೇಡಿಕೆ.

ಕಾಪು ಕಡೆಗೆ ಹೋಗುವುದು ಬರೇ ದೀಪಸ್ತಂಭಕ್ಕಾಗಿ ಅಂದುಕೊಂಡರೆ ಅರ್ಧ ಕಾಪು ತಪ್ಪಿಹೋಯಿತು. ಈ ತಾಲೂಕಿನ ಮಟ್ಟು ಊರಿನಲ್ಲಿ ಬೆಳೆಯುವ ಮಟ್ಟುಗುಳ್ಳ ಹೊಲದಿಂದ ಪೇಟೆಗೆ ಬರುವುದು ಈ ಚಳಿಗಾಲದಲ್ಲೇ. ತಿಳಿಹಸುರು ಬಣ್ಣ, ತೊಟ್ಟಿನಲ್ಲಿ ಮುಳ್ಳು, ತೆಳು ಸಿಪ್ಪೆ. ವಾದಿರಾಜರು ಕೊಟ್ಟ ಬೀಜದ್ದೆಂಬ ನಂಬಿಕೆಯಿರುವ ಈ ಬದನೆಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಬೇಯಿಸಿದರೆ ಕರಗದೆ ಬೆಣ್ಣೆಯಾಗುತ್ತದೆ. ಗುಳ್ಳದ ಹುಳಿ, ಕುಚ್ಚಲಕ್ಕಿ ಅನ್ನ, ಮೇಲೊಂದು ಚಮಚ ತೆಂಗಿನೆಣ್ಣೆ: ಪರದೇಶದ ಬಸುರಿಯರು ಫೋನಿನಲ್ಲಿ ಅತ್ತು ಕೇಳುವ ಬಯಕೆ ಇಂಥದ್ದೇ.

ಅದೇ ತಾಲೂಕಿನ ಶಂಕರಪುರ ಮಲ್ಲಿಗೆಯ ಊರು. ಇಲ್ಲಿ ಹೂವನ್ನು ಮೊಳದಲ್ಲಿ ಅಳೆಯುವುದಿಲ್ಲ. ಬಾಳೆನಾರಿನಲ್ಲಿ ಕಟ್ಟಿದ 800 ಮೊಗ್ಗು ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. ದಿನದ ದರ ಶಂಕರಪುರದಲ್ಲೇ ನಿಗದಿಯಾಗಿ ಎಲ್ಲ ಪೇಟೆಗೂ ಹೋಗುತ್ತದೆ. ಚಳಿಗೆ ಇಳುವರಿ ಕುಗ್ಗುವುದರಿಂದ ಈ ದಿನಗಳಲ್ಲಿ ಅಟ್ಟೆಗೆ ಎರಡು ಸಾವಿರ ರೂಪಾಯಿ ದಾಟಿದ್ದೂ ಉಂಟು. ಸೀಮಂತ ಇಟ್ಟುಕೊಂಡವರು ಹೂವನ್ನು ಹಿಂದಿನ ದಿನವೇ ಹೇಳಿಡಬೇಕು.

ಸೀಮಂತದ ಮಾತು ಬಂದದ್ದರಿಂದ ಹೇಳುತ್ತೇನೆ. ಡಿಸೆಂಬರ್ ಮಧ್ಯದಿಂದ ಮಕರ ಸಂಕ್ರಾಂತಿಯವರೆಗೆ ಧನುರ್ಮಾಸ, ಹೆಚ್ಚಿನ ಹಿಂದೂ ಮನೆಗಳಲ್ಲಿ ಶುಭಕಾರ್ಯವಿಲ್ಲ. ಟಿಕೆಟ್ ಮಾಡುವ ಮೊದಲು ಮನೆಯ ಪುರೋಹಿತರನ್ನೋ ಹಿರಿಯರನ್ನೋ ಕೇಳಿ. ಬಯಕೆ ಮದುವೆಗೆಂದು ರಜೆ ಹಾಕಿ ಬಂದು ಮುಹೂರ್ತವಿಲ್ಲದೆ ಹಿಂದೆ ಹೋದವರು ಕಡಿಮೆಯಲ್ಲ. ಕ್ರೈಸ್ತರ ಮನೆಗಳಲ್ಲಿ ಏಳನೇ ತಿಂಗಳಿಗೆ ಹೂ ಮುಡಿಸುವ ಕ್ರಮಕ್ಕೆ ಈ ಅಡ್ಡಿಯಿಲ್ಲ, ಹಬ್ಬದ ಮರುವಾರ ಎಲ್ಲರೂ ಊರಲ್ಲಿರುವಾಗ ಮುಗಿಸಿಬಿಡುತ್ತಾರೆ.

ಇನ್ನು ಸುತ್ತಾಟ. ಕಾಪುವಿನ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ, 1901ರದ್ದು. ಒಳಗೆ ಸುರುಳಿ ಮೆಟ್ಟಿಲು. ಗಂಡ ಹತ್ತಲಿ, ನೀವು ಕೆಳಗೆ ಮರಳಲ್ಲಿ ಕೂತುಕೊಳ್ಳಿ. ಬಂಡೆ ಹತ್ತುವ ಮೆಟ್ಟಿಲೂ ತೇವವಿದ್ದರೆ ಜಾರುತ್ತದೆ. ಸೂರ್ಯ ಆರು ಗಂಟೆ ಆಸುಪಾಸಿಗೆ ಮುಳುಗುತ್ತಾನೆ, ಐದಕ್ಕೆ ಹೋದರೆ ಸಾಕು. ಪೇಟೆಯ ಹೊಸ ಮಾರಿಗುಡಿಯ ದರ್ಶನವನ್ನೂ ಅದೇ ಸಂಜೆ ಮುಗಿಸಬಹುದು.

ಕಾರ್ಕಳಕ್ಕೆ ಬೆಳಿಗ್ಗೆ ಎಂಟಕ್ಕೆ ಹೊರಡಿ. ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು ದಾರಿ. ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ ಗೊಮ್ಮಟ 42 ಅಡಿ ಎತ್ತರ. ಬಂಡೆಯಲ್ಲಿ ಕೊರೆದ ಮೆಟ್ಟಿಲೂ ಇದೆ, ವಾಹನ ಹೋಗುವ ದಾರಿಯೂ ಇದೆ. ನೀವು ವಾಹನದಲ್ಲೇ ಹೋಗಿ. ಹತ್ತು ಗಂಟೆಯ ನಂತರ ಆ ಕಲ್ಲು ಬರಿಗಾಲಿಗೆ ಸುಡುತ್ತದೆ. 1586ರ ಚತುರ್ಮುಖ ಬಸದಿಯನ್ನು ಗೊಮ್ಮಟನ ಪದತಲದಿಂದಲೇ ನೋಡಿ ತೃಪ್ತಿಪಟ್ಟರೂ ನಷ್ಟವಿಲ್ಲ. ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ, ಹಿಂದಿನದು 2015ರಲ್ಲಿ. ಆ ಸರದಿಯ ವರ್ಷ ಬರುವವರು ಬೆಟ್ಟದ ಆಸೆ ಬಿಡುವುದು ಒಳ್ಳೆಯದು.

ಕಾರ್ಕಳದ ಪಕ್ಕದ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕವನ್ನು ಡಿಸೆಂಬರಿನಲ್ಲೇ ನೋಡಬೇಕು. 1759ರ ಈ ಇಗರ್ಜಿಗೆ 2016ರಲ್ಲಿ ಬಸಿಲಿಕದ ಪದವಿ ಬಂತು. ಮಕ್ಕಳ ಹರಕೆ ಹೊತ್ತವರು ಎಲ್ಲ ಜಾತಿಮತದಿಂದ ಬಂದು ಮೇಣದಬತ್ತಿ ಹಚ್ಚುವ ಜಾಗ. ಜನವರಿ ಕೊನೆಯ ಹಬ್ಬದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕಿಂತ ತಿಂಗಳು ಮೊದಲು ಹೋದರೆ ಪುಷ್ಕರಿಣಿಯ ಪಕ್ಕ ನೆರಳಲ್ಲಿ ಅರ್ಧ ಗಂಟೆ ಕೂರಬಹುದು.

ಉಡುಪಿಯ ಕೃಷ್ಣಮಠದ ರಥಬೀದಿಗೆ ಮಧ್ಯಾಹ್ನದ ಊಟದ ಹೊತ್ತು ಬಿಟ್ಟು ಹೋಗಿ. ಪಂಕ್ತಿಯಲ್ಲಿ ನೆಲಕ್ಕೆ ಕೂತು ಏಳುವುದು ಏಳನೇ ತಿಂಗಳಲ್ಲಿ ಸಾಹಸ. ಕನಕನ ಕಿಂಡಿ ನೋಡಿ, ಮಿತ್ರ ಸಮಾಜದಲ್ಲಿ ಬನ್ಸ್, ಗೋಳಿಬಜೆ ತಿಂದು ಬನ್ನಿ. ಜನವರಿ 14ರ ಮೂರು ತೇರಿನ ಸಂಭ್ರಮವನ್ನು ಮಾಳಿಗೆ ಇರುವ ಪರಿಚಯದವರ ಮನೆಯಿಂದ ನೋಡುವುದು ಜಾಣತನ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಯೋಚನೆ ಬಿಡಿ. ವಾಸ್ಕೋ ಡ ಗಾಮ 1498ರಲ್ಲಿ ಇಳಿದು ಹೆಸರಿಟ್ಟನೆಂದು ಹೇಳುವ ದ್ವೀಪ ಅದು, ಲಿಸ್ಬನ್ನಿನವರಿಗೆ ಆಸೆ ಸಹಜ. ಆದರೆ ಅಲೆಯ ಮೇಲೆ ತೂಗುವ ದೋಣಿಯಿಂದ ಇಳಿಯುವುದು, ಹತ್ತುವುದು ಹೊಟ್ಟೆ ಹೊತ್ತವರಿಗಲ್ಲ. ಮಲ್ಪೆಯ ಸೀ ವಾಕ್‌ನಲ್ಲಿ ನಡೆದು ದೂರದಿಂದ ನೋಡಿ. ಮೀನಿನಲ್ಲಿ ಬೂತಾಯಿ, ಬಂಗುಡೆ, ಕಾಣೆ ಧಾರಾಳ ತಿನ್ನಿ. ಪಾದರಸದ ಅಂಶ ಹೆಚ್ಚಿರುವ ತಾಟೆ ಬೇಡ, ಅಂಜಲ್ ಮಿತವಾಗಿರಲಿ. ಮರುವಾಯಿ ಚೆನ್ನಾಗಿ ಬೆಂದಿರಲಿ. ಸಂಜೆ ಸೊಳ್ಳೆ ಇದೆ, ಪರದೆ ಕಟ್ಟಿಯೇ ಮಲಗಿ.

ಹೆರಿಗೆಯೂ ಇಲ್ಲೇ ಅಂತ ನಿರ್ಧರಿಸಿದರೆ ಮಗುವಿನ ಜನನವನ್ನು 21 ದಿನದೊಳಗೆ ನೋಂದಾಯಿಸಿ, ಪಾಸ್‌ಪೋರ್ಟು, ವೀಸಾಗಳಿಗೆ ವಾರಗಟ್ಟಲೆ ಸಮಯ ಬಿಡಿ. ಹಿಂದಿರುಗಿ ಹೋಗುವವರು ವೈದ್ಯರ ಪತ್ರವನ್ನು ಹೊರಡುವ ವಾರದಲ್ಲೇ ಬರೆಸಿ, ಹಳೇ ತಾರೀಖಿನ ಪತ್ರ ಕೆಲವು ಕಂಪನಿಗಳಿಗೆ ನಡೆಯುವುದಿಲ್ಲ. ಸಮಸಂಖ್ಯೆಯ ವರ್ಷವಾದರೆ ಜನವರಿ 17 ಮತ್ತು 18ಕ್ಕೆ ಟಿಕೆಟ್ ಬೇಡ: ಕೃಷ್ಣಮಠದ ಪೂಜೆಯ ಅಧಿಕಾರ ಕೈಬದಲಾಗುವ ಪರ್ಯಾಯದ ದಿನಗಳವು. ಪೀಠವೇರುವ ಸ್ವಾಮಿಗಳು ಕಾಪು ಸಮೀಪದ ದಂಡತೀರ್ಥದಲ್ಲಿ ಮಿಂದು ಜೋಡುಕಟ್ಟೆಗೆ ಬರುವ ಆ ರಾತ್ರಿ ಪೇಟೆಯ ರಸ್ತೆಗಳೆಲ್ಲ ಮೆರವಣಿಗೆಗೆ ಮೀಸಲು. ಇನ್ನು ಅಮ್ಮ ಕಟ್ಟಿಕೊಡುವ ಡಬ್ಬಗಳ ವಿಷಯ. ಯುರೋಪ್ ಒಕ್ಕೂಟದೊಳಗೆ ಹಾಲಿನ, ಮಾಂಸದ ಪದಾರ್ಥ ಒಯ್ಯುವಂತಿಲ್ಲ, ಪೇಡೆಯೂ ಹಂದಿ ಉಪ್ಪಿನಕಾಯಿಯೂ ಲಿಸ್ಬನ್ನಿನ ಕಸ್ಟಮ್ಸ್‌ನಲ್ಲೇ ಉಳಿದಾವು. ಒಣಮೀನಿಗೆ ಮಾತ್ರ ಇಪ್ಪತ್ತು ಕಿಲೋದವರೆಗೆ ಅಡ್ಡಿಯಿಲ್ಲ.