ಎರಡು ಗಂಡು, ಒಂದು ಹುಳುಮನೆ

ನಮ್ಮಪ್ಪ ನಾಗಮಂಗಲದ ಕಡೆಯವನು. ಹಳ್ಳಿಕಾರ್ ಹೋರಿ ಕಟ್ಟಿದವನು. ಹೇಮಗಿರಿ ಜಾತ್ರೆಯಲ್ಲಿ ಒಂಟಿ ಕರು ಮನಸ್ಸಿಗೆ ಹಿಡಿದು ತಂದುಬಿಟ್ಟರೆ ಅದಕ್ಕೊಂದು ಜೊತೆ ಹುಡುಕಲು ಬೇಬಿ ಬೆಟ್ಟ, ಮುಡುಕುತೊರೆ ಅಂತ ಜಾತ್ರೆ ಜಾತ್ರೆ ಅಲೆಯುತ್ತಿದ್ದ. ಬಣ್ಣ, ಎತ್ತರ, ಕೊಂಬಿನ ಬಾಗು, ಹಲ್ಲು ನಾಲ್ಕೂ ಕೂಡಬೇಕು. ಅಂಥವನ ಮಗನಾದ ನಾನು ನಲವತ್ತೈದನೇ ವಯಸ್ಸಿನಲ್ಲಿ ಜೋಡಿ ಮಾಡಲು ಹೊರಟದ್ದು ಒಂದು ಕೆ.ಜಿ. ತೂಗದ, ಬಾಲವೇ ಇಲ್ಲದ ಎರಡು ಗಿನಿಪಿಗ್‌ಗಳನ್ನು. ಊರಿನಲ್ಲಿ ಇದನ್ನು ಹೇಳಿಕೊಳ್ಳಲು ಮೊದಮೊದಲು ನಾಚಿಕೆಯಾಗುತ್ತಿತ್ತು.

ಶ್ರೀರಂಗಪಟ್ಟಣದ ತಂಗಿ ಬೆಂಗಳೂರಿನ ಫ್ಲಾಟಿಗೆ ಹೋಗುವಾಗ ತನ್ನ ಮಗನ ಗಿನಿಪಿಗ್ ನಮ್ಮಲ್ಲಿ ಬಿಟ್ಟುಹೋದಳು. ಒಂದೂವರೆ ವರ್ಷದ ಗಂಡು. ಪಾಂಡವಪುರದಲ್ಲಿದ್ದು, ದಿನ ಬೆಳಗಾದರೆ ಕುಂತಿ ಬೆಟ್ಟ ನೋಡುವ ನನ್ನ ಮಗಳು ಅದಕ್ಕೆ ಭೀಮ ಅಂತ ಹೆಸರಿಟ್ಟಳು. ಭೀಮ ಮೂರು ತಿಂಗಳು ಒಂಟಿಯಾಗಿ ಮೂಲೆ ಹಿಡಿದು ಕೂತ. ಸಾಧು ಪ್ರಾಣಿ ಅಂದುಕೊಂಡೆವು. ಸಾಧುವಲ್ಲ, ಬೇಸರ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಡೆಯಿಂದ ಬಂದ ಈ ಪ್ರಾಣಿ ಗುಂಪಿನಲ್ಲೇ ಬದುಕುವಂಥದ್ದು. ಸ್ವಿಟ್ಜರ್ಲೆಂಡಿನಲ್ಲಿ ಗಿನಿಪಿಗ್ಗನ್ನು ಒಂಟಿಯಾಗಿ ಸಾಕಬಾರದೆಂದು 2008ರಿಂದ ಕಾನೂನೇ ಇದೆ. ಅದನ್ನು ಓದಿದ ಮೇಲೆ ಮಗಳು ನನ್ನನ್ನು ಬಿಡಲಿಲ್ಲ.

ಹೆಣ್ಣು ತರಲು ನನಗೆ ಧೈರ್ಯ ಇರಲಿಲ್ಲ. ಕೆ.ಆರ್. ಪೇಟೆಯ ನಮ್ಮ ನೆಂಟರೊಬ್ಬರು ಅಂಗಡಿಯವನ ಮಾತು ನಂಬಿ 'ಎರಡೂ ಗಂಡು' ಅಂತ ತಂದು, ಎರಡು ತಿಂಗಳಿಗೇ ನಾಲ್ಕು ಮರಿಗೆ ಬಾಣಂತನ ಮಾಡಿದ್ದರು. ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಗಂಡು ಮರಿಯನ್ನು ಮೂರು ವಾರಕ್ಕೇ ತಾಯಿಯಿಂದ ಬೇರೆ ಮಾಡದಿದ್ದರೆ ಲೆಕ್ಕ ಮತ್ತೆ ತಪ್ಪುತ್ತದೆ. ಆ ನಾಲ್ಕರಲ್ಲಿ ಗಂಡೆಂದು ಖಾತ್ರಿಯಾದ ಒಂದನ್ನು ಎರಡು ತಿಂಗಳಾದಾಗ ತಂದೆ. ಅದು ನಕುಲ.

ತಂದವನು ಏನು ಮಾಡಿದೆ? ನೇರ ಭೀಮನ ಗೂಡಿನೊಳಗೆ ಬಿಟ್ಟೆ. ಹೊಸ ಹೋರಿಯನ್ನು ಹಳೆಯದರ ಗೋದಲಿಗೆ ತಲೆ ಹಾಕಲು ಬಿಡುವ ರೈತ ಯಾವನಿದ್ದಾನೆ? ಅಷ್ಟೂ ತಿಳುವಳಿಕೆ ಇಲ್ಲದೆ ಹೋಯಿತು. ಭೀಮ ಹಲ್ಲು ಕಟಕಟ ಕಡಿದು, ಕತ್ತಿನ ಕೂದಲು ನಿಗುರಿಸಿ ನುಗ್ಗಿದ. ನಡುವೆ ಕೈ ಹಾಕಿದೆ. ಅವನ ಹಲ್ಲು ನನ್ನ ಹೆಬ್ಬೆರಳಿನಲ್ಲಿ ಇಳಿಯಿತು. 'ದುರ್ಯೋಧನ ಅಂತ ಇಡಬೇಕಿತ್ತು' ಅಂದಳು ಮಗಳು, ಅರಿಶಿನ ಹಚ್ಚುತ್ತಾ. ಕಾದಾಡುವಾಗ ಬರಿಗೈ ಹಾಕಬಾರದು. ದಪ್ಪ ಟವೆಲ್ ಎಸೆಯಬೇಕು, ಇಲ್ಲವೆ ನಡುವೆ ರಟ್ಟು ಇಳಿಸಬೇಕು.

ಆಮೇಲೆ ಎರಡು ವಾರ ನಕುಲನಿಗೆ ಬೇರೆ ಕೋಣೆ. ಇದನ್ನು ಮೊದಲೇ ಮಾಡಬೇಕಿತ್ತು. ಹೊಸ ಪ್ರಾಣಿ ರೋಗ, ಹುಳುಕಡ್ಡಿ ತಂದಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಬಳಿಕ ಇನ್ನೊಂದು ವಾರ ಅಕ್ಕಪಕ್ಕ, ನಡುವೆ ಜಾಲರಿ. ಇವನು ಮಲಗಿದ ಬಟ್ಟೆ ಅವನಿಗೆ, ಅವನದು ಇವನಿಗೆ. ಆಮೇಲೆ ಪಡಸಾಲೆಯ ನೆಲ ಒರೆಸಿ, ಇಬ್ಬರಿಗೂ ಸೇರದ ಆ ಜಾಗದಲ್ಲಿ ಹಸಿ ಗರಿಕೆ, ಕೊತ್ತಂಬರಿ ಸೊಪ್ಪು ಹರಡಿ ಇಬ್ಬರನ್ನೂ ಬಿಟ್ಟೆವು.

ಭೀಮ ಗುರ್ರೆನ್ನುತ್ತಾ ಹಿಂಭಾಗ ಕುಣಿಸುತ್ತಾ ನಕುಲನ ಸುತ್ತ ಬಂದ. ಮೂಸಿದ, ಅಟ್ಟಾಡಿಸಿದ, ಮೇಲೇರಿದ. ನಕುಲ ಕಿರುಚಿದ. ನಾನು ಎದ್ದು ಎರಡನ್ನೂ ಬೇರೆ ಮಾಡಿದೆ. ಮರುದಿನವೂ ಇದೇ. ಮೂರನೇ ದಿನವೂ ಇದೇ. ನಾಲ್ಕನೇ ದಿನ ಅಪ್ಪ ಊರಿಂದ ಬಂದಿದ್ದ. ಕಂಬಕ್ಕೆ ಒರಗಿ ಕೂತು ನೋಡಿದವನು ನನ್ನ ಪಂಚೆ ಹಿಡಿದು ಎಳೆದ: 'ಕೂತ್ಕ ಸುಮ್ಕೆ. ಕಾದಾಟ ಅಲ್ಲ ಕಣ್ಲಾ ಇದು. ಯಾರು ಎಡಗೋಲು, ಯಾರು ಬಲಗೋಲು ಅಂತ ನೋಡ್ಕತಾವೆ. ನೀನು ದಿನಾ ಬುಡಿಸ್ತಿದ್ರೆ ಅವು ದಿನಾ ಮೊದಲಿಂದ ಶುರು ಮಾಡ್ಬೇಕಲ್ಲ?'

ಮೂರು ಗಂಟೆ ಕೂತೆವು. ಅಟ್ಟಾಡಿಸುವುದು, ಮೇಲೇರುವುದು, ತಲೆ ಯಾರದು ಎತ್ತರ ಅಂತ ಮೂತಿ ಎತ್ತಿ ನಿಲ್ಲುವುದು, ಇವೆಲ್ಲ ಪಟ್ಟ ಕಟ್ಟಿಕೊಳ್ಳುವ ಶಾಸ್ತ್ರ. ಹಲ್ಲು ಕಡಿತ ನಿಲ್ಲದೆ, ಎರಡೂ ಕಾಲೆತ್ತಿ ಎದುರು ನಿಂತು, ಒಂದಕ್ಕೊಂದು ಕಚ್ಚಿಕೊಂಡು ಉಂಡೆಯಾಗಿ ಉರುಳಿದರೆ, ರಕ್ತ ಕಂಡರೆ ಆಗ ಬಿಡಿಸಬೇಕು. ನಾನು ಮೊದಲನೆಯದನ್ನೇ ಎರಡನೆಯದೆಂದು ತಿಳಿದು ಮೂರು ದಿನ ಹಾಳು ಮಾಡಿದ್ದೆ. ಸಂಜೆಯ ಹೊತ್ತಿಗೆ ಭೀಮ ಕಾಲು ಚಾಚಿ ಮಲಗಿದ. ನಕುಲ ಅವನಿಂದ ಒಂದು ಗೇಣು ದೂರ ಕೂತು ಕೊತ್ತಂಬರಿ ಕಡ್ಡಿ ಮುಗಿಸಿದ.

ಅಪ್ಪನ ವಿದ್ಯೆ ಎಲ್ಲವೂ ನಡೆಯಲಿಲ್ಲ. ಎತ್ತಿನ ಜೋಡಿಗೆ ಒಂದೇ ಹಲ್ಲು ಬೇಕು; ಗಿನಿಪಿಗ್ ಗಂಡುಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದಾದರೇ ಒಳ್ಳೆಯದು, ಚಿಕ್ಕದು ಬೇಗ ತಗ್ಗುತ್ತದೆ. ಎತ್ತಿಗೆ ಬೀಜ ಒಡೆಸಿದರೆ ಸಾಧುವಾಗುತ್ತದೆ. ಇವಕ್ಕೆ ಆಪರೇಷನ್ ಮಾಡಿಸಿದರೂ ಪಟ್ಟದ ಜಗಳ ನಿಲ್ಲುತ್ತದೆಂಬ ಭರವಸೆ ಇಲ್ಲ. ಎತ್ತುಗಳಿಗೆ ನೊಗ ಇದೆ, ಮೂಗುದಾರ ಇದೆ. ಇವನ್ನು ಒಟ್ಟಿಗೆ ಹಿಡಿದಿಡುವುದು ಜಾಗ ಒಂದೇ.

ತಂಗಿ ಕೊಟ್ಟಿದ್ದ ಅಂಗಡಿ ಪಂಜರ ಎರಡಡಿ ಉದ್ದ, ಒಂದಡಿ ಅಗಲ. ಒಂದು ಗಂಡಿಗೂ ಸಾಲದು. ಎರಡು ಗಂಡಿಗೆ ಹತ್ತು ಚದರಡಿಗಿಂತ ಹೆಚ್ಚು ಬೇಕು, ಅದೂ ಒಂದೇ ಮಟ್ಟದಲ್ಲಿ. ನಾವು ರೇಷ್ಮೆ ಬಿಟ್ಟು ನಾಲ್ಕು ವರ್ಷವಾಗಿತ್ತು. ಹುಳುಮನೆಯನ್ನು ತೊಳೆದು, ಸುಣ್ಣ ಬಳಿದು, ತಿಂಗಳು ಗಾಳಿಗೆ ಬಿಟ್ಟೆ. ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಕುಡಿದ ಗೋಡೆಗಳವು. ಹುಳು ಮೇಯಿಸುವ ಸ್ಟ್ಯಾಂಡಿನ ಕೆಳಗಿನ ಅಂತಸ್ತು ಐದಡಿ ಉದ್ದ, ಎರಡೂವರೆ ಅಡಿ ಅಗಲ. ಸುತ್ತ ಹಲಗೆ, ಮೇಲೆ ಅರ್ಧ ಇಂಚಿನ ಜಾಲರಿ. ಬೆಕ್ಕು, ಹೆಗ್ಗಣ, ಕೇರೆ ಹಾವು ಮೂರೂ ನಮ್ಮ ಹಿತ್ತಲಿನ ಕಾಯಂ ಗಿರಾಕಿಗಳು.

ಒಳಗೆ ಎಲ್ಲವೂ ಎರಡೆರಡು. ನೀರಿನ ಬಾಟಲಿ ಎರಡು, ಬಟ್ಟಲು ಎರಡು, ಹುಲ್ಲಿನ ಕಟ್ಟು ಎರಡು ಕಡೆ. ಅಡಗಲು ಮೊದಲು ಇಟ್ಟಿದ್ದು ಒಂದೇ ರಟ್ಟಿನ ಡಬ್ಬ, ಒಂದೇ ಬಾಗಿಲು. ಭೀಮ ಬಾಗಿಲಲ್ಲಿ ಕೂತರೆ ನಕುಲ ಒಳಗೇ ಸೆರೆ. ಈಗ ತಳ ಒಡೆದ ಎರಡು ಮಣ್ಣಿನ ಗಡಿಗೆ ಅಡ್ಡ ಮಲಗಿಸಿದ್ದೇವೆ. ಆ ಕಡೆಯಿಂದ ಹೊಕ್ಕು ಈ ಕಡೆಯಿಂದ ಓಡಬಹುದು, ಬೇಸಿಗೆಗೆ ತಂಪೂ ಹೌದು. ಇಪ್ಪತ್ತಾರು ಇಪ್ಪತ್ತೇಳು ಡಿಗ್ರಿ ದಾಟಿದರೆ ಇವಕ್ಕೆ ಕಷ್ಟ, ನಮ್ಮಲ್ಲಿ ಏಪ್ರಿಲ್ ಅಂದರೆ ಮೂವತ್ತೈದು. ಹುಳುಮನೆ ಕಿಟಕಿಗೆ ಒದ್ದೆ ಗೋಣಿ ಕಟ್ಟುವ ಅಭ್ಯಾಸ ಹೇಗೂ ಇತ್ತು.

ಮೇವಿನ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಹಲ್ಲು ಜೀವಮಾನವಿಡೀ ಬೆಳೆಯುವುದರಿಂದ ಒಣಹುಲ್ಲು ಸದಾ ಇರಬೇಕು. ನಾವು ಗರಿಕೆ ಒಣಗಿಸಿ ಇಡುತ್ತೇವೆ. ಕಳೆನಾಶಕ ಹೊಡೆದ ಬದುವಿನ ಹುಲ್ಲು ಬೇಡ. ಕುದುರೆ ಮಸಾಲೆ ದಿನವೂ ಕೊಟ್ಟರೆ ಸುಣ್ಣದಂಶ ಹೆಚ್ಚಾಗಿ ಮೂತ್ರದಲ್ಲಿ ಕಲ್ಲು. ನಮ್ಮ ಹಾಗೆ ಇವುಗಳ ದೇಹವೂ ವಿಟಮಿನ್ ಸಿ ತಯಾರಿಸಲಾರದು, ಆದ್ದರಿಂದ ದಿನಾ ಒಂದು ಹೋಳು ದೊಣ್ಣೆ ಮೆಣಸಿನಕಾಯಿ.

ಸಂಕ್ರಾಂತಿ ಹೊತ್ತಿಗೆ ನಕುಲನಿಗೆ ಏಳು ತಿಂಗಳು, ಹರೆಯ. ಆಗಲೇ ಕೆ.ಆರ್. ಪೇಟೆಯ ನೆಂಟರು ಹಬ್ಬಕ್ಕೆ ಬಂದರು, ತಮ್ಮ ಹೆಣ್ಣು ಗಿನಿಪಿಗ್ಗನ್ನು ಬುಟ್ಟಿಯಲ್ಲಿ ತಂದಿದ್ದರು. ಮಗಳು ಅದನ್ನು ಮಡಿಲಲ್ಲಿ ಆಡಿಸಿ, ಅದೇ ಲಂಗದಲ್ಲಿ ಇವರಿಬ್ಬರನ್ನು ಎತ್ತಿಕೊಂಡಳು. ಆ ರಾತ್ರಿ ನಡೆದದ್ದು ಪಟ್ಟದ ಶಾಸ್ತ್ರವಲ್ಲ. ನಕುಲನ ಕಿವಿ ಹರಿಯಿತು, ಭೀಮನ ಸೊಂಟದಲ್ಲಿ ಎರಡು ಕಚ್ಚು. ಎರಡು ಗಂಡು ಇರುವ ಮನೆಗೆ ಹೆಣ್ಣಿನ ವಾಸನೆಯೂ ಸೋಕಬಾರದು. ಗಾಯಕ್ಕೆ ಔಷಧಿ ಕೇಳುವಾಗ ಒಂದು ನೆನಪಿರಲಿ: ಅಮಾಕ್ಸಿಸಿಲಿನ್‌ನಂಥ ಪೆನ್ಸಿಲಿನ್ ಜಾತಿಯ ಔಷಧಿ ಬಾಯಿಗೆ ಹಾಕಿದರೆ ಇವುಗಳ ಕರುಳು ಕೆಟ್ಟು ಪ್ರಾಣವೇ ಹೋಗಬಹುದು. ದನಕ್ಕೆ ಕೊಡುವುದನ್ನು ಅಂದಾಜಿನ ಮೇಲೆ ಕೊಡಬೇಡಿ.

ಹತ್ತು ದಿನ ಜಾಲರಿ ಅಡ್ಡ ಇಟ್ಟೆವು. ಮತ್ತೆ ಪಡಸಾಲೆ, ಮತ್ತೆ ಗರಿಕೆ. ಈ ಸಲ ನಾನು ಎದ್ದೇಳಲಿಲ್ಲ. ಗೂಡು ತೊಳೆಯುವಾಗಲೂ ಈಗ ಒಂದು ಹಿಡಿ ಹಳೆ ಹುಲ್ಲು ಉಳಿಸುತ್ತೇನೆ. ತಮ್ಮ ವಾಸನೆ ಪೂರಾ ಹೋದರೆ ಮತ್ತೆ ಗಡಿ ಗುರುತು ಮಾಡಲು ಜಗಳ ತೆಗೆಯುತ್ತಾರೆ.

ಅದಾಗಿ ಎರಡು ವರ್ಷ. ಗುರ್ರೆನ್ನುವುದು ವಾರಕ್ಕೊಮ್ಮೆ ಇದ್ದೇ ಇದೆ. ಧನುರ್ಮಾಸದ ಚಳಿಗೆ ಮಾತ್ರ ಇಬ್ಬರೂ ಒಂದೇ ಗಡಿಗೆಯಲ್ಲಿ ತುರುಕಿಕೊಂಡು ಮಲಗುತ್ತಾರೆ. ಅಪ್ಪ ಬಂದಾಗಲೆಲ್ಲ ಹುಳುಮನೆಗೆ ಹೋಗಿ ಬಗ್ಗಿ ನೋಡಿ, 'ಜೋಡಿ ವೈನಾಗದೆ' ಅಂತಾನೆ. ಮಗಳಿಗೆ ಈಗ ಸಹದೇವ ಬೇಕಂತೆ. ಮೂರು ಗಂಡು ಒಂದು ಗೂಡಿನಲ್ಲಿ ನಿಲ್ಲುವುದು ಬಲು ಕಷ್ಟ; ಬೇಡ ಅಂದಿದ್ದೇನೆ.