ಚೆನ್ನೈಯಲ್ಲಿ ಆಟಿಸಂ, ಡಿಸ್ಲೆಕ್ಸಿಯಾ ಮಕ್ಕಳು: ಕೇಳಿ ಪಡೆಯಬೇಕಾದ ಹಕ್ಕು

"ಇಂಥ ಮಗುವಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ, ಸ್ಪೆಷಲ್ ಸ್ಕೂಲಿಗೆ ಸೇರಿಸಿ." ಕೆಲಸದ ನಿಮಿತ್ತ ಚೆನ್ನೈಗೆ ಬಂದ ಕನ್ನಡದ ತಂದೆತಾಯಿಗೆ ಶಾಲೆಯೊಂದು ಹೀಗೆ ಹೇಳಿದರೆ ಸುಮ್ಮನೆ ಹಿಂತಿರುಗಬೇಡಿ. ಆ ಮಾತನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಮಕ್ಕಳನ್ನು ಸೇರಿಸಿಕೊಂಡು, ಅವರಿಗೆ ತಕ್ಕ ಅನುಕೂಲ ಮಾಡಿಕೊಡಬೇಕೆಂಬುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್‌ನ ಆಶಯ.

ಆಟಿಸಂ, ಡಿಸ್ಲೆಕ್ಸಿಯಾದಂಥವನ್ನು ಒಟ್ಟಾಗಿ ಕರೆಯುವ 'ನರವೈವಿಧ್ಯ' ಎಂಬ ಪದ ಈ ಕಾಯ್ದೆಯಲ್ಲಿಲ್ಲ. ಕಾಯ್ದೆ ಹೆಸರಿಸುವ 21 ಬಗೆಯ ವಿಕಲತೆಗಳಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ಕಲಿಕಾ ತೊಡಕುಗಳಿವೆ, ಎಡಿಎಚ್‌ಡಿ ಇಲ್ಲ. ಇದು ತುಂಬಲೇಬೇಕಾದ ಕೊರತೆ. ತಮಿಳುನಾಡಿನ ಕಚೇರಿಗಳ ಬೋರ್ಡಿನಲ್ಲಿ 'ಮಾಟ್ರುತ್ತಿರನಾಳಿಗಳ್' ಎಂದು ಕಾಣುತ್ತದೆ. ಬೇರೆ ಬಗೆಯ ಸಾಮರ್ಥ್ಯವುಳ್ಳವರು ಎಂದು ಅದರ ಅರ್ಥ. ನೀವು ಹುಡುಕಬೇಕಾದ ಇಲಾಖೆ ಅದೇ.

ಮೊದಲ ಕೆಲಸ ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲೇ ಪಡೆದಿದ್ದರೆ ಅದು ಇಲ್ಲಿಯೂ ನಡೆಯುತ್ತದೆ, ಏಕೆಂದರೆ ಈ ಕಾರ್ಡು ದೇಶಕ್ಕೆಲ್ಲ ಒಂದೇ. ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ 2005ರಿಂದ ಇರುವ ಕೇಂದ್ರ ಸರ್ಕಾರದ ಬಹುವಿಕಲತೆ ಸಂಸ್ಥೆಯಲ್ಲಿ ತಪಾಸಣೆ, ಥೆರಪಿ ಎರಡೂ ಸಿಗುತ್ತವೆ. ಡಿಸ್ಲೆಕ್ಸಿಯಾ ಪರೀಕ್ಷೆಗೆ ಹೋದಾಗ ಮಗು ಮನೆಯಲ್ಲಿ ಯಾವ ಭಾಷೆ ಆಡುತ್ತದೆ, ಶಾಲೆಯಲ್ಲಿ ಯಾವುದರಲ್ಲಿ ಓದುತ್ತದೆ ಎಂದು ತಪ್ಪದೆ ತಿಳಿಸಿ. ಕನ್ನಡ ಮನೆಮಾತಿನ ಮಗು ತಮಿಳು ಓದುವಾಗ ತಡವರಿಸಿದ್ದಕ್ಕೆಲ್ಲ ಡಿಸ್ಲೆಕ್ಸಿಯಾ ಕಾರಣವಲ್ಲ. 'ಡಾಲಿ' ಎಂಬ ಪರೀಕ್ಷಾ ಸಾಧನ ಕನ್ನಡದಲ್ಲೂ ಇದೆ.

ಪ್ರಮಾಣಪತ್ರದಲ್ಲಿ ಶೇ. 40 ವಿಕಲತೆ ಇಲ್ಲವೆಂದು ಕೈಚೆಲ್ಲುವವರೇ ಹೆಚ್ಚು. ಮೀಸಲಾತಿಗೆ ಆ ಗಡಿ ಬೇಕು, ನಿಜ. ಆದರೆ ಪರೀಕ್ಷೆಯಲ್ಲಿ ಸಿಗುವ ನೆರವಿಗೆ ಬೇಕಿಲ್ಲ. ಬರೆಯುವಾಗ ಕೈ ಸೆಳೆತ ಬರುತ್ತಿದ್ದ ಯುಪಿಎಸ್‌ಸಿ ಅಭ್ಯರ್ಥಿ ವಿಕಾಸ್ ಕುಮಾರ್ ಅವರಿಗೆ ಇದ್ದದ್ದು ಶೇ. 6 ಮಾತ್ರ. ಅವರು ಬರೆದುಕೊಡುವ ಸಹಾಯಕನನ್ನು ಪಡೆಯಲು ಅರ್ಹರು ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ, ಡಿಸ್‌ಗ್ರಾಫಿಯಾ (ಬರವಣಿಗೆಯ ತೊಡಕು) ಇದ್ದ ನೀಟ್ ಅಭ್ಯರ್ಥಿಯೊಬ್ಬರಿಗೆ ಹೆಚ್ಚುವರಿ ಸಮಯ ಕೊಡದೆ ಉತ್ತರಪತ್ರಿಕೆ ಕಿತ್ತುಕೊಂಡದ್ದನ್ನು ಅನ್ಯಾಯವೆಂದು ಕರೆದು, ಸರಿಪಡಿಸುವ ದಾರಿ ಹುಡುಕುವಂತೆ ಪರೀಕ್ಷಾ ಸಂಸ್ಥೆಗೆ ಆದೇಶಿಸಿತು. ಆದರೆ ಮರುಪರೀಕ್ಷೆ ಸಿಗಲಿಲ್ಲ. ಹಾಗಾಗಿ ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯಕ್ಕೆ ಪರೀಕ್ಷೆಗೆ ಮುಂಚೆಯೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಉತ್ತರ ಬಾರದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ವಕೀಲರ ಖರ್ಚಿಗೆ ಅಂಜಬೇಕಿಲ್ಲ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ವಿಕಲಚೇತನರಿಗೆ ಆದಾಯ ನೋಡದೆ ಉಚಿತ ನೆರವು ಕೊಡುತ್ತದೆ. ಕರೆ ಮಾಡಬೇಕಾದ ಸಂಖ್ಯೆ 15100.